ವಿಶ್ವವಿದ್ಯಾಲಯದಲ್ಲಿ ತೀರ್ಮಾನಗಳನ್ನು ಯಾರು ಮಾಡುತ್ತಾರೆ? ಎಲ್ಲಾ ಕುಲಪತಿಯೇನಾ?

ಅಲ್ಲ, ವಿಷಯ ಯಾವುದು ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಪಠ್ಯಕ್ರಮ, ಪರೀಕ್ಷೆ, ಪದವಿಯ ನಿಯಮಗಳು ಸಾಮಾನ್ಯವಾಗಿ ಅಧ್ಯಾಪಕರ ಕೈಯಲ್ಲಿರುತ್ತವೆ. ವಿಭಾಗದಲ್ಲಿ ಕರಡು ತಯಾರಾಗುತ್ತದೆ, ಸಮಿತಿಗಳು ತಿದ್ದುತ್ತವೆ, ಕೊನೆಗೆ ಸೆನೆಟ್ ಅಥವಾ ಅಕಾಡೆಮಿಕ್ ಕೌನ್ಸಿಲ್ ಎಂಬ ಉನ್ನತ ಶೈಕ್ಷಣಿಕ ಸಭೆ ಒಪ್ಪುತ್ತದೆ. ಬಜೆಟ್, ಕಟ್ಟಡದಂಥವು ಹೆಚ್ಚಾಗಿ ಆಡಳಿತ ಮಂಡಳಿಗೆ ಸೇರಿದ್ದು.

ಆದರೆ ಇದು ಕಾಗದದ ಮೇಲಿನ ದಾರಿ ಅಷ್ಟೇ. 1972ರಲ್ಲಿ ಕೊಹೆನ್, ಮಾರ್ಚ್, ಓಲ್ಸನ್ ಎಂಬ ಸಂಶೋಧಕರು ವಿಶ್ವವಿದ್ಯಾಲಯಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ‘ಕಸದ ಬುಟ್ಟಿ ಮಾದರಿ’ಯನ್ನು ಮುಂದಿಟ್ಟರು. ಸಮಸ್ಯೆಗಳು, ಮೊದಲೇ ಸಿದ್ಧವಿರುವ ಪರಿಹಾರಗಳು, ಅವತ್ತು ಸಭೆಗೆ ಬಂದವರು ಎಲ್ಲಾ ಒಂದೇ ಬುಟ್ಟಿಗೆ ಬೀಳುತ್ತವೆ. ಯಾವುದು ಯಾವುದಕ್ಕೆ ಅಂಟಿಕೊಂಡಿತೋ ಅದೇ ತೀರ್ಮಾನವಾಗುತ್ತದೆ. ಇದು ನನಗೆ ತುಂಬಾ ಸರಿ ಅನಿಸುತ್ತದೆ. ಹಾಗಾಗಿ ನಿಮ್ಮ ಮಾತು ನಡೆಯಬೇಕಿದ್ದರೆ ಕರಡಿನ ಹಂತದಲ್ಲೇ ಸಮಿತಿಗೆ ಬರೆದು ಕೊಡಿ. ಸೆನೆಟ್ ತಲುಪಿದ ಮೇಲೆ ಜಾಸ್ತಿ ಏನೂ ಬದಲಾಗುವುದಿಲ್ಲ.