ಸಂಪಾದಕರ ಉತ್ತರ: ಡಬ್‌ಸ್ಟೆಪ್ ಎಲ್ಲಿಂದ ಕೇಳಲು ಶುರುಮಾಡಬೇಕು?

ಜಯನಗರದ ಓದುಗರೊಬ್ಬರ ಪತ್ರದ ಸಾರಾಂಶ: ಅವರು ಹಲವು ವರ್ಷ ಮೃದಂಗ ಕಲಿತವರು. ಇಂಜಿನಿಯರಿಂಗ್ ಓದುತ್ತಿರುವ ಮಗಳು ‘ಇದು ಡಬ್‌ಸ್ಟೆಪ್, ಕೇಳಪ್ಪ’ ಎಂದು ಮೊಬೈಲಿನಲ್ಲಿ ಅಮೆರಿಕದ ಸಂಗೀತಗಾರ ಸ್ಕ್ರಿಲೆಕ್ಸ್‌ನ ಕೃತಿಯೊಂದನ್ನು ಕೇಳಿಸಿದಳಂತೆ. ಅವರಿಗೆ ಅದು ಬರೀ ಯಂತ್ರದ ಅರಚಾಟವಾಗಿ ಕೇಳಿಸಿತು, ತಾಳದ ಜಾಡೂ ಸಿಗಲಿಲ್ಲ. ಎಲೆಕ್ಟ್ರಾನಿಕ್ ನೃತ್ಯಸಂಗೀತದ ಈ ಪ್ರಕಾರದಲ್ಲಿ ಕೇಳಲು ಯೋಗ್ಯವಾದುದು ನಿಜವಾಗಿ ಇದೆಯೇ, ಇದ್ದರೆ ಯಾವುದು ಎಂದು ಕೇಳಿದ್ದಾರೆ.

ಮಾನ್ಯರೇ,

ಖಂಡಿತ ಇದೆ. ಆದರೆ ನಿಮ್ಮ ಮಗಳು ಕಥೆಯನ್ನು ಕೊನೆಯ ಅಧ್ಯಾಯದಿಂದ ಓದಿಸಿದ್ದಾರೆ, ಅದೂ ಅರ್ಧ ಅಕ್ಷರಗಳು ಅಳಿಸಿಹೋದ ಪ್ರತಿಯಲ್ಲಿ. ಡಬ್‌ಸ್ಟೆಪ್‌ನ ಜೀವ ಇರುವುದು ಸುಮಾರು 60 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ನಾದದಲ್ಲಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ನಾದವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮೃದಂಗದ ಕಛೇರಿಯೊಂದನ್ನು ಅದೇ ಮೊಬೈಲಿನಲ್ಲಿ ಕೇಳಿ ನೋಡಿ: ಬಲಗೈಯ ಸೊಲ್ಲುಗಳೆಲ್ಲ ಸ್ಪಷ್ಟವಾಗಿರುತ್ತವೆ, ಎಡಗೈಯ ಗುಮ್ಕಿ ಮಾತ್ರ ಮಾಯವಾಗಿರುತ್ತದೆ. ಗುಮ್ಕಿಯೇ ಕೇಳಿಸದ ಮೃದಂಗವನ್ನು ನೀವು ಎಷ್ಟು ಹೊತ್ತು ಸಹಿಸುತ್ತೀರಿ?

ತಾಳದ ವಿಷಯ ನಿಮಗೆ ಬೇಗ ಹಿಡಿಸಬಹುದು. ಈ ಸಂಗೀತದ ಗತಿ ನಿಮಿಷಕ್ಕೆ ಸುಮಾರು 140 ಎಣಿಕೆ. ಹಾಗಿದ್ದರೂ ನಾಲ್ಕೆಣಿಕೆಯ ಪ್ರತಿ ಸುತ್ತಿನಲ್ಲಿ ಸ್ನೇರ್ ಡ್ರಮ್ಮಿನ ಗಟ್ಟಿ ಹೊಡೆತ ಸಾಮಾನ್ಯವಾಗಿ ಮೂರನೆಯದರ ಮೇಲೆ ಒಮ್ಮೆ ಮಾತ್ರ ಬೀಳುವುದರಿಂದ, ಕಿವಿಗೆ ಅದು 70ರ ವಿಳಂಬದಲ್ಲಿ ಸಾಗಿದಂತೆ ತೋರುತ್ತದೆ. ಎಂಟೆಣಿಕೆಯ ಆದಿತಾಳ ಹಾಕುತ್ತ ಕೇಳಿದರೆ ಒಂದು ಹೊಡೆತ ಲಘುವಿನಲ್ಲಿ ಉಂಗುರದ ಬೆರಳಿನ ಎಣಿಕೆಗೂ ಇನ್ನೊಂದು ಎರಡನೆಯ ದ್ರುತದ ತಟ್ಟಿಗೂ ಬರುತ್ತದೆ. ಎರಡು ಕಾಲಗಳು ಒಟ್ಟಿಗೆ ಓಡುವ ಈ ಸೊಗಸನ್ನು ಹಿಡಿಯಲು ನಿಮ್ಮ ತರಬೇತಿ ನಿಮಗೆ ಅನುಕೂಲವೇ ಆಗುತ್ತದೆ.

ಡಬ್‌ಸ್ಟೆಪ್ ಹುಟ್ಟಿದ್ದು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ. ಅಲ್ಲಿನ ಬಿಗ್ ಆಪಲ್ ಎಂಬ ರೆಕಾರ್ಡ್ ಅಂಗಡಿಯ ಸುತ್ತ ಸೇರುತ್ತಿದ್ದ ಹುಡುಗರು ಯುಕೆ ಗರಾಜ್ ಎಂಬ ಬ್ರಿಟನ್ನಿನ ಕ್ಲಬ್ ಸಂಗೀತದಿಂದ ಹಾಡನ್ನೂ ಅಲಂಕಾರವನ್ನೂ ಕಳಚಿ, ರೆಗೆ ಹಾಡುಗಳನ್ನು ವಾದ್ಯಪ್ರಧಾನವಾಗಿ ಮರುರೂಪಿಸುವ ಜಮೈಕಾದ ಡಬ್‌ನಿಂದ ಮಂದ್ರವನ್ನೂ ಪ್ರತಿಧ್ವನಿಯನ್ನೂ ಎರವಲು ತಂದರು. ಅವರಲ್ಲೊಬ್ಬನಾದ ಸ್ಕ್ರೀಮ್ 2005ರಲ್ಲಿ, ಇನ್ನೂ ಹತ್ತೊಂಬತ್ತರ ಆಸುಪಾಸಿನಲ್ಲಿ ಹೊರತಂದ ‘ಮಿಡ್‌ನೈಟ್ ರಿಕ್ವೆಸ್ಟ್ ಲೈನ್’ನಿಂದ ನೀವು ಶುರುಮಾಡಬೇಕೆಂಬುದು ನನ್ನ ಸಲಹೆ. ಮೇಲೆ ಸಣ್ಣ ಸ್ವರಗುಚ್ಛವೊಂದು ಚುರುಕಾಗಿ ಸುತ್ತುತ್ತ ಇದ್ದಕ್ಕಿದ್ದಂತೆ ಶ್ರುತಿ ಬದಲಿಸುತ್ತದೆ, ಕೆಳಗೆ ಮಂದ್ರ ತನ್ನ ಪಾಡಿಗೆ ನಡೆಯುತ್ತದೆ. ಹೊಸಬರ ಕಿವಿಗೆ ಹಿಡಿಯಲು ಒಂದು ಧಾಟಿ ಇರುವುದು ಇದರ ಅನುಕೂಲ.

ಆಮೇಲೆ ಡಿಜಿಟಲ್ ಮಿಸ್ಟಿಕ್ಸ್, ಅಂದರೆ ಮಾಲಾ ಮತ್ತು ಕೋಕಿ ಎಂಬ ಜೋಡಿ. ಲೋಫಾ ಎಂಬ ಗೆಳೆಯನೂ ಸೇರಿ ಇವರು 2005ರಲ್ಲಿ ಬ್ರಿಕ್ಸ್‌ಟನ್‌ನಲ್ಲಿ ಶುರುಮಾಡಿದ ಡಿಎಂಝಡ್ ರಾತ್ರಿಗಳಲ್ಲಿ ಜನ ಸ್ಪೀಕರುಗಳ ಮುಂದೆ ನಿಂತು ನಾದವನ್ನು ಎದೆಯಲ್ಲಿ ಕೇಳುತ್ತಿದ್ದರು. 2006ರ ‘ಆಂಟಿ ವಾರ್ ಡಬ್’ನಲ್ಲಿ ಯುದ್ಧ ಬೇಡವೆನ್ನುವ ದನಿ, ಬಿಡಿಬಿಡಿಯಾದ ತಾಳವಾದ್ಯ ಮತ್ತು ಅಗಾಧವಾದ ಖಾಲಿ ಜಾಗ ಬಿಟ್ಟರೆ ಹೆಚ್ಚೇನಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕಾರದ ಶ್ರೇಷ್ಠ ಕೃತಿ ಅದೇ. ಕ್ರಾಯ್ಡನ್ನಿನವನೇ ಆದ ಬೆಂಗಾ ಮತ್ತು ಕೋಕಿ ಸೇರಿ ಮಾಡಿದ ‘ನೈಟ್’ ಹೆಚ್ಚು ಜನಪ್ರಿಯ, ಹೆಚ್ಚು ಲವಲವಿಕೆಯದು; ಅದನ್ನು ಮಗಳೊಂದಿಗೆ ಕೇಳಿ.

ಲಂಡನ್ನಿನ ಇನ್ನೊಬ್ಬ ಸಂಗೀತಗಾರ ಬರಿಯಲ್‌ನ ಮಾತೇ ಬೇರೆ. 2007ರ ‘ಅನ್‌ಟ್ರೂ’ ಆಲ್ಬಮ್ಮಿನಲ್ಲಿ ತುಂಡರಿಸಿದ ದನಿಗಳಿವೆ, ರೆಕಾರ್ಡಿನ ಚಟಪಟ ಸದ್ದಿದೆ, ಯಂತ್ರದ ಅಚ್ಚುಕಟ್ಟುತನವನ್ನು ಬೇಕೆಂದೇ ತಪ್ಪಿಸುವ ಲಯವಿದೆ. ಇದು ಕುಣಿತಕ್ಕಲ್ಲ. ‘ಆರ್ಕ್‌ಏಂಜಲ್’ ಒಂದನ್ನೇ ಆರಿಸಿ ಕೇಳುವುದು ರೂಢಿ, ಆದರೆ ಒಂದೇ ಪಟ್ಟಿಗೆ ಪೂರ್ತಿ ಆಲ್ಬಮ್ ಕೇಳಿದರೇ ಅದರ ಸ್ವಾರಸ್ಯ.

ಇನ್ನು ನಿಮ್ಮ ದೂರಿಗೆ ಗುರಿಯಾದ ಸ್ಕ್ರಿಲೆಕ್ಸ್. ನಾದವನ್ನು ಸೋಸುವ ಫಿಲ್ಟರನ್ನು ತೆರೆದು ಮುಚ್ಚಿ ಮಂದ್ರ ನಾದವನ್ನು ಓಲಾಡಿಸುವ ‘ವಾಬಲ್’ ಲಂಡನ್ನಿನಲ್ಲೇ ಇತ್ತು, ಕೋಕಿಯಂಥವರು ಅದನ್ನು ಬಹಳ ಮೊದಲೇ ಬಳಸಿದ್ದರು. 2010ರ ‘ಸ್ಕೇರಿ ಮಾನ್‌ಸ್ಟರ್ಸ್ ಅಂಡ್ ನೈಸ್ ಸ್ಪ್ರೈಟ್ಸ್’ನಲ್ಲಿ ಸ್ಕ್ರಿಲೆಕ್ಸ್ ಆ ಓಲಾಟವನ್ನು ಮಂದ್ರದಿಂದ ಮಧ್ಯಸ್ಥಾಯಿಗೆ ಎತ್ತಿ ತಂದು ಅರಚುವಂತೆ ಮಾಡಿದರು, 2012ರಲ್ಲಿ ಅದಕ್ಕೆ ಗ್ರ್ಯಾಮಿಯೂ ಬಂತು. ಮೊಬೈಲಿನಲ್ಲೂ ಅಷ್ಟು ಜೋರಾಗಿ ಕೇಳಿಸಿದ್ದಕ್ಕೆ ಕಾರಣ ಅದೇ. ಹಳೆಯ ರಸಿಕರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ, ಏಕೆಂದರೆ ಅದರ ಕಟ್ಟಡ ಬಿಗಿಯಾಗಿದೆ. ಆದರೂ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಉಪಕರಣದ ಬಗ್ಗೆಯೂ ಒಂದು ಮಾತು. ಕಿವಿಯನ್ನು ಪೂರ್ತಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ಎಸ್.ಪಿ. ರಸ್ತೆಗೆ ಹೋಗಿ ಮಂದ್ರಕ್ಕೆಂದೇ ಇರುವ ಸಬ್‌ವೂಫರ್ ಸ್ಪೀಕರ್ ತರುವ ಉತ್ಸಾಹ ಬಂದರೆ ಅದನ್ನು ಕೋಣೆಯ ಮೂಲೆಗೆ ತಳ್ಳಬೇಡಿ, ಮಂದ್ರ ಅಲ್ಲಿ ಊದಿಕೊಂಡು ಎಲ್ಲವೂ ಗುಂಯ್‌ಗುಡುತ್ತದೆ. ಮಂದ್ರ ನಾದ ಗೋಡೆ ದಾಟುವುದರಿಂದ, ಅಪಾರ್ಟ್‌ಮೆಂಟಿನಲ್ಲಿದ್ದರೆ ರಾತ್ರಿ ಹತ್ತರ ನಂತರ ಹೆಡ್‌ಫೋನೇ ಸರಿ. ತಂದದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇಂಗ್ಲೆಂಡಿನ ಗಾಯಕ ಜೇಮ್ಸ್ ಬ್ಲೇಕ್ 2010ರಲ್ಲಿ ಹಾಡಿದ ‘ಲಿಮಿಟ್ ಟು ಯುವರ್ ಲವ್’ ಹಾಕಿ. ಪಿಯಾನೊ, ಕಂಠ, ನಡುವೆ ಮೌನ ಅಷ್ಟೇ ಕೇಳಿಸಿದರೆ ಉಪಕರಣವನ್ನು ಬದಲಿಸಿ. ಆ ಮೌನದ ನಂತರ ನಡುಗುತ್ತ ಬರುವ ಮಂದ್ರವೂ ಕೇಳಿಸಿದರೆ ‘ಆಂಟಿ ವಾರ್ ಡಬ್’ ಕಡೆಗೆ ಹೋಗಬಹುದು.

— ಸಂಪಾದಕ