ಹಾಸಿಗೆ ಒದ್ದೆ ಮಾಡುವ ಬೆಕ್ಕು, ನಾಲ್ಕು ಗಂಟೆಗೆ ಎಬ್ಬಿಸುವ ಬೆಕ್ಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಉಚ್ಚೆಯದ್ದೇ. ಮುಜುಗರ ಬೇಡ. ಬೆಕ್ಕಿನ ಡಾಕ್ಟರಿಗೆ ಬೆಳಗಾದರೆ ಅದೇ ಮಾತು. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ 4 ವರ್ಷ. ಇಷ್ಟು ದಿನ ಮರಳು ತುಂಬಿಟ್ಟ ಲಿಟರ್ ಟ್ರೇಯಲ್ಲೇ ಎಲ್ಲ ಮುಗಿಸುತ್ತಿತ್ತು. ನಾವು ಒಂದು ವಾರ ಊರಿಗೆ ಹೋಗಿ ಬಂದ ಮೇಲೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಿದೆ. ಬಿಟ್ಟು ಹೋಗಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದೆಯಾ? ಗದರಿಸಿದ್ದಾಯಿತು, ಮೂತಿಯನ್ನು ಅಲ್ಲಿಗೇ ಒತ್ತಿ ತೋರಿಸಿದ್ದೂ ಆಯಿತು.

ಉತ್ತರ: ಮೂತಿ ಒತ್ತುವುದನ್ನು ಇವತ್ತೇ ನಿಲ್ಲಿಸಿ. ಅದರಿಂದ ಬೆಕ್ಕು ಕಲಿಯುವುದು ಇಷ್ಟೇ: ನಿಮ್ಮನ್ನು ಕಂಡರೆ ಮಂಚದ ಕೆಳಗೆ ಓಡಬೇಕು.

ಸೇಡು ಅನ್ನೋ ಮಾತು ವಾರಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತದೆ. "ಬರಲಿ ಇವರು, ಹಾಸಿಗೆ ಹಾಳು ಮಾಡ್ತೀನಿ" ಅಂತ ಕಾದು ಕೂರುವ ಪ್ರಾಣಿ ಇದಲ್ಲ. ಆದರೂ ನೀವು ಊರಿಗೆ ಹೋಗಿದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು. ದಿನಚರಿ ತಪ್ಪಿದರೆ ಬೆಕ್ಕಿಗೆ ಒತ್ತಡ ಆಗುತ್ತದೆ. ಆ ಒತ್ತಡಕ್ಕೆ ಕೆಲವು ಬೆಕ್ಕುಗಳ ಮೂತ್ರಕೋಶದಲ್ಲಿ ಉರಿಯೂತ ಶುರುವಾಗುತ್ತದೆ. ಯಾವ ಕ್ರಿಮಿಯೂ ಇಲ್ಲದೆ ಬರುವ ಇದಕ್ಕೆ ಇಡಿಯೋಪಥಿಕ್ ಸಿಸ್ಟೈಟಿಸ್ ಅನ್ನುತ್ತೇವೆ. ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಇದೇ ಜಾಸ್ತಿ. ಟ್ರೇಯಲ್ಲಿ ಕೂತಾಗ ಉರಿಯುತ್ತದೆ. ಬೆಕ್ಕಿನ ಲೆಕ್ಕದಲ್ಲಿ ಉರಿ ಕೊಡುವುದು ಆ ಟ್ರೇ. ಹಾಗಾಗಿ ಮೆತ್ತಗಿರುವ ಇನ್ನೊಂದು ಜಾಗ ಹುಡುಕುತ್ತದೆ. ನಿಮ್ಮ ಹಾಸಿಗೆ ಸಿಗುತ್ತದೆ.

ಎರಡು ದಿನ ಸುಮ್ನೆ ಗಮನಿಸಿ. ಎಷ್ಟು ಸಲ ಹೋಗುತ್ತದೆ, ಪ್ರತಿ ಸಲ ಎಷ್ಟು ಬೀಳುತ್ತದೆ, ಬಣ್ಣ ಗುಲಾಬಿಯಾ, ಆಮೇಲೆ ಅಲ್ಲೇ ನೆಕ್ಕುತ್ತಾ ಕೂರುತ್ತದಾ, ಬರೆದಿಡಿ. ಆ ಚೀಟಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಕಲ್ಲು ಇದೆಯೋ ಇಲ್ಲವೋ ಅದೂ ಗೊತ್ತಾಗಬೇಕು. ಒಂದು ಕೋರಿಕೆ: ಪರೀಕ್ಷೆ ಇಲ್ಲದೆ ಆಂಟಿಬಯೋಟಿಕ್ ಕೇಳಬೇಡಿ. ಈ ವಯಸ್ಸಿನ ಬೆಕ್ಕಿಗೆ ಕ್ರಿಮಿಯಿಂದ ಆಗುವ ಸೋಂಕು ಕಡಿಮೆ.

ಮನೆಯಲ್ಲಿ ಮಾಡುವ ಕೆಲಸವೂ ಇದೆ. ನೀರು ಜಾಸ್ತಿ ಹೊಟ್ಟೆಗೆ ಹೋಗಲಿ. ಒಣ ಆಹಾರದ ಜೊತೆ ಹಸಿ ಆಹಾರ ಕೊಡಿ. ಎರಡು ಮೂರು ಕಡೆ ನೀರಿನ ಬಟ್ಟಲು ಇಡಿ, ಆದರೆ ಟ್ರೇ ಪಕ್ಕದಲ್ಲಿ ಬೇಡ. ಬೆಕ್ಕುಗಳು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ. ಟ್ರೇ ಬೆಕ್ಕಿನ ಮೈಯಳತೆಯ ಒಂದೂವರೆ ಪಟ್ಟು ಉದ್ದ ಇರಬೇಕು. ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರೇಗಳು ಮರಿಗೆ ಸರಿ, ದೊಡ್ಡ ಬೆಕ್ಕಿಗೆ ಬಚ್ಚಲ ಮೂಲೆಯಲ್ಲಿ ಮುದುಡಿ ಕೂತ ಹಾಗೆ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿ ಕತ್ತರಿಸಿಟ್ಟರೂ ಆಗುತ್ತದೆ. ವಾಸನೆಯಿಲ್ಲದ ನುಣುಪು ಮರಳು ಹಾಕಿ. ಸುವಾಸನೆ ಹಾಕಿದ ಮರಳು ಹಿಡಿಸುವುದು ನಮ್ಮ ಮೂಗಿಗೆ. ಉಚ್ಚೆ ಬಿದ್ದು ಗಟ್ಟಿಯಾದ ಮರಳಿನ ಗಂಟುಗಳನ್ನು ದಿನಕ್ಕೊಮ್ಮೆಯಾದರೂ ತೆಗೆಯಿರಿ.

ಹಾಸಿಗೆಗೆ ಎಂಜೈಮ್ ಇರುವ ಕ್ಲೀನರ್ ಬಳಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಬೆಕ್ಕಿಗೆ ಉಚ್ಚೆಯ ಹಾಗೇ ಇರುತ್ತದೆ. ಇನ್ನು ನಿಂತುಕೊಂಡು, ಬಾಲ ನೆಟ್ಟಗೆ ಮಾಡಿ ಅದುರಿಸುತ್ತಾ ಗೋಡೆಗೆ ಚಿಮ್ಮಿಸಿದರೆ ಅದು ಬೇರೆ ಕಥೆ. ಅದು ಗಡಿ ಗುರುತು. ಸಂತಾನಹರಣದ ಆಪರೇಷನ್ ಆಗದ ಗಂಡು ಬೆಕ್ಕಾದರೆ, ಮಾಡಿಸಿದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಗಂಡು ಬೆಕ್ಕು ನಿನ್ನೆಯಿಂದ ಹತ್ತಾರು ಸಲ ಟ್ರೇಗೆ ಹೋಗಿ ತಿಣುಕುತ್ತಿದೆ. ಮಲಬದ್ಧತೆ ಇರಬೇಕು. ಸ್ವಲ್ಪ ಎಣ್ಣೆ ಕುಡಿಸಲೇ?

ಉತ್ತರ: ಇವರಿಗೆ ಅಂದೇ ಉತ್ತರ ಕಳಿಸಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಗಂಡು ಬೆಕ್ಕು ತಿಣುಕುತ್ತಿದ್ದರೆ ಮಲಬದ್ಧತೆ ಅಂದುಕೊಳ್ಳಬೇಡಿ. ಮೂತ್ರ ಕಟ್ಟಿದೆ ಅಂದುಕೊಂಡೇ ಹೊರಡಿ, ರಾತ್ರಿಯಾದರೂ ಸರಿ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ಲೋಳೆ ಮತ್ತು ಮರಳಿನಂಥ ಹರಳು ಸೇರಿ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತದೆ. ಅದು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಪೂರ್ತಿ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ಪರೀಕ್ಷೆಯ ಮೇಜಿನ ಮೇಲೆ ಇಂಥ ಬೆಕ್ಕಿನ ಹೊಟ್ಟೆ ಮುಟ್ಟಿದರೆ ನಿಂಬೆಹಣ್ಣಿಗಿಂತ ದೊಡ್ಡದೊಂದು ಗಟ್ಟಿ ಉಂಡೆ ಕೈಗೆ ಸಿಗುತ್ತದೆ. ಅದು ತುಂಬಿ ಬಿಗಿದ ಮೂತ್ರಕೋಶ. ಮನೆಯಲ್ಲಿ ನೀವು ಅಮುಕಿ ನೋಡಬೇಡಿ, ಒಡೆಯಬಹುದು.

ಅನುಮಾನ ಇದ್ದರೆ ಟ್ರೇಯ ಮರಳು ನೋಡಿ. ಅಷ್ಟು ಸಲ ಕೂತೆದ್ದರೂ ಒಂದೂ ಒದ್ದೆ ಗಂಟಿಲ್ಲ ಅಂದರೆ ಕಾಯುವುದಕ್ಕೆ ಏನೂ ಉಳಿದಿಲ್ಲ. ಎಣ್ಣೆಯಂತೂ ಬೇಡವೇ ಬೇಡ. ಬಲವಂತವಾಗಿ ಬಾಯಿಗೆ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಪ್ರಶ್ನೆ: ವಾರಕ್ಕೆ ಮೂರ್ನಾಲ್ಕು ಸಲ ಬೆಕ್ಕು ಕುತ್ತಿಗೆ ಚಾಚಿ ಕ್ಹಾ ಕ್ಹಾ ಅನ್ನುತ್ತದೆ. ಕೂದಲುಂಡೆ ಅಂತ ಕಾಯುತ್ತೇವೆ, ಏನೂ ಬರುವುದಿಲ್ಲ.

ಉತ್ತರ: ಏನೂ ಬರದಿದ್ದರೆ ಅದು ಕೆಮ್ಮು ಇರಬಹುದು. ವಾಂತಿಯಲ್ಲಿ ಹೊಟ್ಟೆ ಒಳಗೆ ಹೊರಗೆ ಎಳೆಯುತ್ತದೆ. ಕೆಮ್ಮಿನಲ್ಲಿ ಬೆಕ್ಕು ನೆಲಕ್ಕೆ ಕುಕ್ಕರಿಸಿ, ಕುತ್ತಿಗೆಯನ್ನು ಮುಂದಕ್ಕೆ ತಗ್ಗಿಸಿ ಚಾಚುತ್ತದೆ. ಆಮೇಲೆ ಏನೋ ನುಂಗಿದ ಹಾಗೆ ಮಾಡಿ ಎದ್ದು ಹೋಗುತ್ತದೆ. ಬೆಕ್ಕಿಗೂ ಆಸ್ತಮಾ ಬರುತ್ತದೆ. ಫೋನಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಯಾಕಂದರೆ ಆಸ್ಪತ್ರೆಗೆ ಬಂದ ಬೆಕ್ಕು ಒಂದು ಸಲವೂ ಕೆಮ್ಮುವುದಿಲ್ಲ, ಅದೊಂದು ನಿಯಮವೇ ಅನ್ನಿ!

ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30 ದಾಟುವುದು ಪದೇ ಪದೇ ಕಂಡರೆ ತೋರಿಸಲೇಬೇಕು. ಸುಮ್ಮನೆ ಕೂತ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಅಲ್ಲಿಯವರೆಗೆ ಸಿಗರೇಟು ಹೊಗೆ, ರೂಮ್ ಸ್ಪ್ರೇ, ದೂಳೇಳುವ ಮರಳು ಮೂರನ್ನೂ ದೂರ ಇಡಿ.

ಪ್ರಶ್ನೆ: ಬೆಕ್ಕಿಗೆ ಮೈ ಬಿಸಿ, ಊಟ ಬಿಟ್ಟಿದೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ ಎಷ್ಟು ಹನಿ ಕೊಡಬಹುದು?

ಉತ್ತರ: ಒಂದು ಹನಿಯೂ ಬೇಡ. ಆ ಔಷಧಿಯನ್ನು ನಮ್ಮ ಹಾಗೆ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಬೇಗ ಬಂದರೆ ಮದ್ದಿದೆ. ಇದೇ ಪಟ್ಟಿಗೆ ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯನ್ನೂ ಲಿಲ್ಲಿ ಹೂವನ್ನೂ ಸೇರಿಸಿಕೊಳ್ಳಿ. ಲಿಲ್ಲಿಯ ಪರಾಗ ಮೈಗೆ ಮೆತ್ತಿ, ಅದನ್ನು ನೆಕ್ಕಿದರೂ ಕಿಡ್ನಿ ಹೋಗಬಹುದು.

ಕಿವಿ ಮುಟ್ಟಿ ಜ್ವರ ಹೇಳಲಾಗದು. ಬೆಕ್ಕಿನ ಮೈ ಸದಾ ನಮಗಿಂತ ಬಿಸಿ, 38 ರಿಂದ 39 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಸಹಜ. ನನಗೆ ಜ್ವರಕ್ಕಿಂತ ಜಾಸ್ತಿ ಚಿಂತೆ ಊಟ ಬಿಟ್ಟಿದ್ದರದ್ದು. ಬೆಕ್ಕು ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ತೋರಿಸಿ. ದಪ್ಪ ಬೆಕ್ಕು ಕೆಲವೇ ದಿನ ಉಪವಾಸ ಇದ್ದರೆ ಮೈಯ ಕೊಬ್ಬು ಲಿವರ್‌ಗೆ ನುಗ್ಗಿ ಕಾಮಾಲೆ ಆಗಬಹುದು.

ಪ್ರಶ್ನೆ: 13 ವರ್ಷದ ಬೆಕ್ಕು. ಹಿಂದೆಂದಿಗಿಂತ ಚೆನ್ನಾಗಿ ತಿನ್ನುತ್ತಿದೆ, ಓಡಾಟವೂ ಜೋರು. ಆದರೆ ಬೆನ್ನುಮೂಳೆ ಕೈಗೆ ಸಿಗುತ್ತಿದೆ. ವಯಸ್ಸಾಯಿತಲ್ಲ, ಅದಕ್ಕೇ ಅಲ್ವಾ?

ಉತ್ತರ: ಅಲ್ಲ. ತಿಂದರೂ ಸೊರಗುವ ಮುದಿ ಬೆಕ್ಕು ಅಂದರೆ ಮೊದಲು ಥೈರಾಯ್ಡ್ ನೋಡಬೇಕು, ಅದು ಅತಿಯಾಗಿ ಕೆಲಸ ಮಾಡುತ್ತಿರಬಹುದು. ಆಮೇಲೆ ಸಕ್ಕರೆ ಕಾಯಿಲೆ. ನೀರು ಕುಡಿಯುವುದೂ ಜಾಸ್ತಿಯಾಗಿ, ಟ್ರೇಯಲ್ಲಿ ಗಂಟುಗಳು ದೊಡ್ಡದಾಗುತ್ತಿದ್ದರೆ ಕಿಡ್ನಿಯನ್ನೂ ನೋಡಬೇಕು. ರಕ್ತ, ಮೂತ್ರ, ರಕ್ತದೊತ್ತಡ ಮೂರೂ ಪರೀಕ್ಷೆ ಮಾಡಿಸಿ. ಥೈರಾಯ್ಡ್‌ಗೆ ಮಾತ್ರೆ ಇದೆ, ಎಷ್ಟೋ ಬೆಕ್ಕುಗಳು ಮತ್ತೆ ತೂಕ ಹಿಡಿಯುತ್ತವೆ.

ತಿಂಗಳಿಗೊಮ್ಮೆ ತೂಕ ಹಾಕಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. 5 ಕೆಜಿಯ ಬೆಕ್ಕು ಅರ್ಧ ಕೆಜಿ ಇಳಿಯಿತು ಅಂದರೆ 60 ಕೆಜಿಯ ಮನುಷ್ಯ 6 ಕೆಜಿ ಇಳಿದ ಲೆಕ್ಕ.

ಬೆಕ್ಕಿನಲ್ಲಿ ಆಗುವ ಬದಲಾವಣೆ ಗುರುತಿಸುವಲ್ಲಿ ನಾನೂ ಎಡವಿದ್ದೇನೆ. ನಮ್ಮ ಮನೆಯ ಬೆಕ್ಕು ಒಂದೇ ನೆಗೆತಕ್ಕೆ ಕಿಟಕಿ ಕಟ್ಟೆ ಹತ್ತುತ್ತಿತ್ತು. ಯಾವಾಗಲೋ ಮೊದಲು ಕುರ್ಚಿ, ಆಮೇಲೆ ಮೇಜು, ಆಮೇಲೆ ಕಟ್ಟೆ ಅಂತ ಶುರುವಾಯಿತು. ಜಾಣತನ ಅಂದುಕೊಂಡು ನಗುತ್ತಿದ್ದೆ. ಒಂದು ದಿನ ಕುರ್ಚಿ ಬೇರೆ ಕಡೆ ಇತ್ತು. ಬೆಕ್ಕು ಕಿಟಕಿಯ ಕೆಳಗೆ ನಿಂತು ಮೇಲೆ ನೋಡಿತು, ಹಿಂಗಾಲು ಎರಡು ಸಲ ಮಡಚಿತು, ನೆಗೆಯಲಿಲ್ಲ. ಎಕ್ಸ್‌ರೇ ತೆಗೆದರೆ ಎರಡೂ ಸೊಂಟದ ಕೀಲು ಸವೆದಿತ್ತು. ಕುಂಟಲಿಲ್ಲ, ಕೂಗಲಿಲ್ಲ. ತೊಡೆಯ ಮೇಲೆ ಕೂತು ಗುರುಗುಟ್ಟುತ್ತಲೇ ಇತ್ತು. ಗುರುಗುಟ್ಟುವುದು ಸುಖಕ್ಕೆ ಮಾತ್ರ ಅಲ್ಲ, ನೋವಿದ್ದಾಗಲೂ ಬೆಕ್ಕು ಗುರುಗುಟ್ಟುತ್ತದೆ.

ಮುಖ ಸ್ವಲ್ಪ ಸುಳಿವು ಕೊಡುತ್ತದೆ. ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ವಿಧಾನವನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019 ರಲ್ಲಿ ಪ್ರಕಟಿಸಿದರು. ಅದರಲ್ಲಿ ನೋಡುವುದು ಐದು: ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಹಿಡಿಯುವ ರೀತಿ. ಕಿವಿ ಪಕ್ಕಕ್ಕೆ ತಿರುಗಿ, ಕಣ್ಣು ಕಿರಿದಾಗಿ, ಮೂತಿ ಬಿಗಿದು, ಮೀಸೆ ನೆಟ್ಟಗಾಗಿ, ತಲೆ ಭುಜಕ್ಕಿಂತ ಕೆಳಗಿದ್ದರೆ ಅದು ತೂಕಡಿಕೆ ಅಲ್ಲ.

ಪ್ರಶ್ನೆ: ತಾನೇ ಬಂದು ಸವರಿಸಿಕೊಳ್ಳುತ್ತದೆ, ಎರಡು ನಿಮಿಷಕ್ಕೆ ಕಚ್ಚುತ್ತದೆ. ಯಾಕೆ?

ಉತ್ತರ: ಸಾಕು ಅಂತ ಮೊದಲೇ ಹೇಳಿರುತ್ತದೆ, ನಿಮಗೆ ಕೇಳಿಸಿರುವುದಿಲ್ಲ. ಬಾಲದ ತುದಿ ಪಟಪಟ ಬಡಿಯುವುದು, ಬೆನ್ನಿನ ಚರ್ಮ ಜುಮ್ಮೆನ್ನುವ ಹಾಗೆ ಅದುರುವುದು, ಕಿವಿ ಹಿಂದಕ್ಕೆ ಹೋಗುವುದು, ಇವೇ ಆ ಮಾತು. ಮೂರು ಸೆಕೆಂಡ್ ಕೆನ್ನೆ ಸವರಿ, ಕೈ ತೆಗೆಯಿರಿ. ಮತ್ತೆ ಬಂದು ಉಜ್ಜಿದರೆ ಮುಂದುವರಿಸಿ. ಹೊಟ್ಟೆ ತೋರಿಸಿತು ಅಂತ ಕೈ ಹಾಕಬೇಡಿ. ಮೊದಲು ಕಚ್ಚದ ಬೆಕ್ಕು ಈಗ ಕಚ್ಚುತ್ತಿದ್ದರೆ, ಮುಟ್ಟಿದ ಜಾಗದಲ್ಲಿ ನೋವಿದೆಯಾ ನೋಡಿಸಿ.

ಪ್ರಶ್ನೆ: ಬೆಳಗಿನ ಜಾವ 4 ಕ್ಕೆ ಮುಖದ ಮೇಲೆ ಪಂಜ ಇಟ್ಟು ಎಬ್ಬಿಸುತ್ತದೆ. ಊಟ ಹಾಕಿದರೆ ಸುಮ್ಮನಾಗುತ್ತದೆ. 2 ವರ್ಷದ ಬೆಕ್ಕು.

ಉತ್ತರ: ಊಟ ಹಾಕುತ್ತೀರಲ್ಲ, ಅದಕ್ಕೇ ಎಬ್ಬಿಸುವುದು. ಮುಂಜಾವ ಮತ್ತು ಮುಸ್ಸಂಜೆ ಬೆಕ್ಕಿನ ಬೇಟೆಯ ಹೊತ್ತು, ಅದನ್ನು ಬದಲಿಸಲಾಗದು. ಮಲಗುವ ಮುಂಚೆ 15 ನಿಮಿಷ ಕೋಲಿಗೆ ಕಟ್ಟಿದ ಗರಿಯಿಂದ ಆಡಿಸಿ. ಕೊನೆಯಲ್ಲಿ ಹಿಡಿಯಲು ಬಿಡಿ, ತಕ್ಷಣ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ: ಅದರ ಕ್ರಮ ಇದೇ. ದಾರ, ರಬ್ಬರ್ ಬ್ಯಾಂಡ್ ಮಾತ್ರ ಆಟ ಮುಗಿದ ಕೂಡಲೇ ಎತ್ತಿಡಿ, ನುಂಗಿದರೆ ಕರುಳನ್ನೇ ಕೊಯ್ಯುತ್ತದೆ. ಬೆಳಗಿನ ಊಟಕ್ಕೆ ಟೈಮರ್ ಇರುವ ಬಟ್ಟಲು ಇಟ್ಟರೆ ಬೆಕ್ಕು ನಿಮ್ಮನ್ನು ಬಿಟ್ಟು ಬಟ್ಟಲನ್ನು ಕಾಯುತ್ತದೆ.

ಆಮೇಲೆ ಎಷ್ಟು ಕೂಗಿದರೂ ಏಳಬೇಡಿ, ಬೈಯಲೂಬೇಡಿ. ಬೈದರೂ ಅದಕ್ಕೆ ಗಮನ ಸಿಕ್ಕಂತೆಯೇ. ಮೊದಲ ಕೆಲವು ದಿನ ಕಾಟ ಜಾಸ್ತಿಯಾಗುತ್ತದೆ, ಕಡಿಮೆ ಆಗುವುದಿಲ್ಲ. ಐದನೇ ದಿನ ತಡೆಯಲಾರದೆ ಎದ್ದು ಊಟ ಹಾಕಿದಿರೋ, ಐದು ದಿನ ಬಿಡದೆ ಕೂಗಬೇಕು ಅಂತ ನೀವೇ ಕಲಿಸಿದಿರಿ. ಆ ಒಂದು ವಾರ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿ.