ಡೆಬಿಯನ್ ಸಿಡ್ ಹಾಕಿಕೊಂಡು ಲಿನಕ್ಸ್ ಕಲಿಯಬಹುದೇ? ಕಲಿಯಬಹುದು, ಫಾರ್ಮ್ಯಾಟ್ ಮಾಡದಿದ್ದರೆ

ನಿಮ್ಮ ಪ್ರಶ್ನೆ ಇಷ್ಟು: ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೀರಿ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಹಳೇ ಲ್ಯಾಪ್‌ಟಾಪ್ ಇದೆ, ಉಬುಂಟು ತಕರಾರಿಲ್ಲದೆ ಓಡುತ್ತಿರುವುದರಿಂದಲೇ ಏನೂ ಕಲಿಯುತ್ತಿಲ್ಲ ಅನ್ನಿಸುತ್ತಿದೆ. ಆರ್ಚ್ (ಬಹುಪಾಲು ಕೈಯಾರೆ ಕಟ್ಟಿಕೊಳ್ಳುವ ಲಿನಕ್ಸ್) ಅಥವಾ ಡೆಬಿಯನ್ ಸಿಡ್ (ಡೆಬಿಯನ್ ಲಿನಕ್ಸಿನ ಸದಾ ಬದಲಾಗುತ್ತಿರುವ, ಇನ್ನೂ ಹದಕ್ಕೆ ಬರದ ಶಾಖೆ) ಹಾಕಿದರೆ ಕಲಿಯಬಹುದೇ, ಲ್ಯಾಬ್ ಪರೀಕ್ಷೆ ಹೊತ್ತಿಗೆ ಅದು ಕೈ ಕೊಟ್ಟರೆ ಏನು ಗತಿ?

ಕಲಿಯಬಹುದು. ಆದರೆ ಸಿಸ್ಟಮ್ ಕೆಟ್ಟಿತು ಅಂದ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ಕೆಡುವ ಮುಂಚೆ ಏನು ಬದಲಾಗಿತ್ತು ಅಂತ ಹುಡುಕಿ ತೆಗೆದವರಿಗೆ ಮಾತ್ರ ವಿದ್ಯೆ ಹತ್ತುತ್ತದೆ. ರಿಪೇರಿ ಅಂಗಡಿಯ 'ಫಾರ್ಮ್ಯಾಟ್ ಮಾಡ್ಬಿಡೋಣ ಬಿಡಿ' ಅನ್ನುವ ಮಾತನ್ನು ಮೊದಲು ಮರೆತುಬಿಡಿ. ಮತ್ತೆ ಇನ್‌ಸ್ಟಾಲ್ ಮಾಡಿದ ದಿನ ಪಾಠವೂ ಅಳಿಸಿಹೋಯಿತು ಅಂತಲೇ ಲೆಕ್ಕ.

ನನ್ನ ಓಟು ಸಿಡ್‌ಗೆ. ಆರ್ಚ್ ಕೆಟ್ಟದ್ದೇನಲ್ಲ, ಕೈಯಾರೆ ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ (ಡಿಸ್ಕಿನ ಭಾಗ), ಮೌಂಟ್ (ಆ ಭಾಗವನ್ನು ಬಳಕೆಗೆ ಜೋಡಿಸುವುದು), ಬೂಟ್‌ಲೋಡರ್ (ಸಿಸ್ಟಮ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಎಲ್ಲ ಅರ್ಥವಾಗುತ್ತೆ, ಆಮೇಲೆ ಅದು ಬಹುಮಟ್ಟಿಗೆ ತಣ್ಣಗೆ ಓಡುತ್ತೆ. ಸಿಡ್‌ನಲ್ಲಿ ಒಂದು ಲಿನಕ್ಸ್ ವಿತರಣೆ (ಡಿಸ್ಟ್ರೋ) ಕಟ್ಟುವ ಕೆಲಸವೇ ಕಣ್ಣೆದುರು ನಡೆಯುತ್ತದೆ. ಹೊಸ ಪ್ಯಾಕೇಜು ಮೊದಲು ಇಳಿಯುವುದು ಇಲ್ಲಿ. ಗಂಭೀರ ದೋಷ ಕಾಣದಿದ್ದರೆ ಸಾಮಾನ್ಯವಾಗಿ 2ರಿಂದ 10 ದಿನದಲ್ಲಿ ಟೆಸ್ಟಿಂಗ್ ಅನ್ನುವ ಮುಂದಿನ ಶಾಖೆಗೆ ದಾಟುತ್ತದೆ. ಆ ನಡುವಿನ ದಿನಗಳಲ್ಲಿ ಪರೀಕ್ಷಕರು ನೀವೇ.

ಉಬುಂಟು ತೆಗೆಯಬೇಡಿ. ಅದರ ಪಾರ್ಟಿಷನ್ ಕುಗ್ಗಿಸಿ ಸಿಡ್‌ಗೆ 60 ಜಿಬಿ ಬಿಟ್ಟುಕೊಡಿ. ಇದಕ್ಕೊಂದು ತಾಂತ್ರಿಕ ಲಾಭವೂ ಇದೆ: ಒಂದೇ ಡಿಸ್ಕಿನಲ್ಲಿ ಎರಡು ಡೆಬಿಯನ್ ಹಾಕಿದರೆ ಎರಡೂ ಇಎಫ್‌ಐ ಪಾರ್ಟಿಷನ್‌ನ (ಬೂಟ್‌ಲೋಡರ್‌ಗಳು ಕೂರುವ ಪುಟ್ಟ ಭಾಗ) 'ಡೆಬಿಯನ್' ಫೋಲ್ಡರಿಗೇ ಬರೆದು ಒಂದರ ಬೂಟ್‌ಲೋಡರನ್ನು ಇನ್ನೊಂದು ಅಳಿಸುತ್ತವೆ. ಉಬುಂಟುವಿನದು ಬೇರೆ ಫೋಲ್ಡರು. ಸಿಡ್‌ನ ಬೂಟ್‌ಲೋಡರ್ ಗ್ರಬ್ ಹಾಳಾದರೂ ಬೂಟ್ ಮೆನುವಿನಲ್ಲಿ (ಲೆನೊವೊ, ಡೆಲ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9) ಉಬುಂಟು ಆರಿಸಿಕೊಂಡು ರೆಕಾರ್ಡ್ ಬರೆಯಬಹುದು, ಲ್ಯಾಬ್ ಪ್ರೋಗ್ರಾಂ ಓಡಿಸಬಹುದು. ಹೋಮ್ ಫೋಲ್ಡರನ್ನು ಮಾತ್ರ ಎರಡಕ್ಕೂ ಹಂಚಬೇಡಿ. ಸಿಡ್‌ನ ಹೊಸ ಫೈರ್‌ಫಾಕ್ಸ್ ಮುಟ್ಟಿದ ಪ್ರೊಫೈಲನ್ನು ಹಳೇ ಆವೃತ್ತಿ ತೆರೆಯಲು ಒಪ್ಪುವುದಿಲ್ಲ. ಪಾಠದ ಫೈಲುಗಳಿಗೆ ಬೇರೆಯೇ ಪಾರ್ಟಿಷನ್ ಇರಲಿ.

ಇನ್‌ಸ್ಟಾಲ್ ಸುಲಭ. ಈಗಿನ ಸ್ಟೇಬಲ್ (ಪರೀಕ್ಷೆ ಮುಗಿದ ಸ್ಥಿರ ಆವೃತ್ತಿ), ಅಂದರೆ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 'ಟ್ರಿಕ್ಸಿ', ಅದರ ನೆಟ್‌ಇನ್‌ಸ್ಟ್ ಐಎಸ್‌ಒದಿಂದ (ಬಹುಪಾಲು ನೆಟ್‌ನಿಂದಲೇ ಇಳಿಸಿಕೊಳ್ಳುವ ಪುಟ್ಟ ಇನ್‌ಸ್ಟಾಲರ್) ಡೆಸ್ಕ್‌ಟಾಪ್ ಇಲ್ಲದೆ ಕನಿಷ್ಠ ಸಿಸ್ಟಮ್ ಹಾಕಿ, ರೂಟ್‌ಗೆ (ಸಿಸ್ಟಮ್ ಇರುವ ಮುಖ್ಯ ಪಾರ್ಟಿಷನ್) ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಆರಿಸಿ. ಆಮೇಲೆ ಪ್ಯಾಕೇಜು ಎಲ್ಲಿಂದ ಇಳಿಯಬೇಕು ಅಂತ ಹೇಳುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ 'ಟ್ರಿಕ್ಸಿ' ಇರುವ ಮುಖ್ಯ ಸಾಲನ್ನು 'ಸಿಡ್' ಮಾಡಿ. ಸೆಕ್ಯುರಿಟಿ ಮತ್ತು ಅಪ್‌ಡೇಟ್ಸ್ ಸಾಲುಗಳನ್ನು ಅಳಿಸಿ, ಸಿಡ್‌ಗೆ ಅವು ಇಲ್ಲ. ಆಮೇಲೆ ಪ್ಯಾಕೇಜು ಇಳಿಸಿ ಹಾಕುವ ಆಪ್ಟ್‌ನ ಸರದಿ: ಆಪ್ಟ್ ಅಪ್‌ಡೇಟ್, ಆಪ್ಟ್ ಫುಲ್-ಅಪ್‌ಗ್ರೇಡ್, ರೀಬೂಟ್, ಕೊನೆಗೆ ಡೆಸ್ಕ್‌ಟಾಪ್. ಜೊತೆಗೆ ಆಪ್ಟ್-ಲಿಸ್ಟ್‌ಬಗ್ಸ್ ಹಾಕಿಕೊಳ್ಳಿ. ಇಳಿಯಲಿರುವ ಪ್ಯಾಕೇಜಿನ ಮೇಲೆ ಗಂಭೀರ ದೂರು ದಾಖಲಾಗಿದ್ದರೆ ಇನ್‌ಸ್ಟಾಲ್‌ಗೆ ಮುಂಚೆಯೇ ನಿಲ್ಲಿಸಿ ಕೇಳುತ್ತದೆ. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.)

ನಿಜವಾದ ಕಲಿಕೆ ಅಪ್‌ಗ್ರೇಡ್ ಹೊತ್ತಿನದು. ವಾರಕ್ಕೊಮ್ಮೆ ಸಾಕು. ಮೊದಲು ಫುಲ್-ಅಪ್‌ಗ್ರೇಡನ್ನು 'ಮೈನಸ್ ಎಸ್' ಕೊಟ್ಟು ಓಡಿಸಿ. ಏನೂ ಬದಲಾಗದೆ ಏನಾಗಲಿದೆ ಅನ್ನುವುದಷ್ಟೇ ಕಾಣುತ್ತದೆ. ಅದರಲ್ಲಿ ಕಣ್ಣಿಡಬೇಕಾದ್ದು 'ರಿಮೂವ್' ಪಟ್ಟಿಯ ಮೇಲೆ. ಹಳೇ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಒಂದೆರಡು ಹೋದರೆ ಸರಿ, ಡೆಸ್ಕ್‌ಟಾಪಿಗೆ ಡೆಸ್ಕ್‌ಟಾಪೇ ಹೊರಟಿದ್ದರೆ ಕೈ ತೆಗೆಯಿರಿ. 2024ರ ವಸಂತದಲ್ಲಿ ಹೀಗೇ ಆಯಿತು. 32-ಬಿಟ್ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ತುಂಬಿ ಉಕ್ಕುತ್ತದೆ ಅಂತ ಡೆಬಿಯನ್‌ನವರು 64-ಬಿಟ್‌ಗೆ ಬದಲಾಯಿಸಿದರು. ನೂರಾರು ಲೈಬ್ರರಿಗಳ ಹೆಸರಿನ ಕೊನೆಗೆ 'ಟಿ64' ಸೇರಿತು. ಹಳೇ ಹೆಸರಿನದೂ ಹೊಸದೂ ಒಟ್ಟಿಗೆ ಇರಲಾರವು, ಅವನ್ನು ನೆಚ್ಚಿಕೊಂಡ ಪ್ರೋಗ್ರಾಂಗಳೆಲ್ಲ ಮರುನಿರ್ಮಾಣ ಆಗುವತನಕ ಆಪ್ಟ್ ಅರ್ಧ ಸಿಸ್ಟಮ್ ತೆಗೆಯಲು ಹೊರಡುತ್ತಿತ್ತು. ಇಂಥ ಹೊತ್ತಲ್ಲಿ ಬರೀ 'ಆಪ್ಟ್ ಅಪ್‌ಗ್ರೇಡ್' ಕೊಡಿ, ಅದು ಇರುವುದನ್ನು ತೆಗೆಯುವುದಿಲ್ಲ. ಉಳಿದದ್ದಕ್ಕೆ ಕಾಯಿರಿ.

ಮೊಬೈಲ್ ಡೇಟಾ ನೆಚ್ಚಿಕೊಂಡಿದ್ದರೆ 'ಡೌನ್‌ಲೋಡ್-ಓನ್ಲಿ' ಆಯ್ಕೆ ನೆನಪಿರಲಿ. ಕಾಲೇಜಿನ ವೈಫೈಯಲ್ಲಿ ಇಳಿಸಿಟ್ಟು, ಮನೆಯಲ್ಲಿ ಕರೆಂಟ್ ಇರುವಾಗ ಇನ್‌ಸ್ಟಾಲ್ ಮಾಡಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. 'ಡಿಪಿಕೆಜಿ' ಆಜ್ಞೆಗೆ 'ಕಾನ್ಫಿಗರ್', 'ಮೈನಸ್ ಎ' ಕೊಡಿ, ಆಮೇಲೆ ಆಪ್ಟ್‌ಗೆ 'ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಬೂಟೇ ಆಗದಿದ್ದರೆ, ಬೂಟ್ ಶುರುವಿಗೆ ಬೇಕಾದ ಪುಟ್ಟ ಫೈಲ್‌ಸಿಸ್ಟಮ್ ಆದ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧ ಬರೆದು ನಿಂತಿರಬಹುದು. ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ (ಸಿಸ್ಟಮ್‌ನ ತಿರುಳು) ಆರಿಸಿ ಒಳಗೆ ಹೋಗಿ, ಎಲ್ಲ ಕರ್ನಲ್‌ಗೂ 'ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್' ಓಡಿಸಿ.

ಹಳೇ ಲ್ಯಾಪ್‌ಟಾಪಲ್ಲಿ ಬ್ರಾಡ್‌ಕಾಮ್ ವೈಫೈ ಅಥವಾ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಇನ್ನೊಂದು ತಾಪತ್ರಯ. ಅವುಗಳ ಕಂಪನಿ ಡ್ರೈವರು ಹಾಕಿದ್ದರೆ ಅದು ಪ್ರತಿ ಹೊಸ ಕರ್ನಲ್ ಬಂದಾಗಲೂ ಡಿಕೆಎಂಎಸ್ ಅನ್ನುವ ಸಾಧನದ ಮೂಲಕ ಮತ್ತೆ ಕಂಪೈಲ್ ಆಗಬೇಕು. ಕರ್ನಲ್ ಒಳಗಿನ ಫಂಕ್ಷನ್ ಬದಲಾಗಿದ್ದರೆ ಕಂಪೈಲ್ ಸೋಲುತ್ತದೆ. ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ (ಕಂಪೈಲ್‌ಗೆ ಬೇಕಾದ ಫೈಲುಗಳು) ಹಾಕಿರದಿದ್ದರೆ ಶುರುವೇ ಆಗುವುದಿಲ್ಲ. 'ಲಿನಕ್ಸ್-ಹೆಡರ್ಸ್-ಎಎಂಡಿ64' ಮೊದಲೇ ಹಾಕಿಡಿ. ವೈಫೈ ಹೋದರೆ ಫೋನಿನ ಯುಎಸ್‌ಬಿ ಟೆದರಿಂಗ್ ಕೈ ಹಿಡಿಯುತ್ತೆ.

ಪ್ರತಿ ದೊಡ್ಡ ಅಪ್‌ಗ್ರೇಡಿಗೆ ಮುಂಚೆ ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸಿಸ್ಟಮ್‌ನ ಪ್ರತಿ) ತೆಗೆಯಿರಿ. ಕ್ಷಣದ ಕೆಲಸ. ಕೆಟ್ಟಾಗ ಉಬುಂಟುವಿನಿಂದ ಸಿಡ್ ಪಾರ್ಟಿಷನ್ನನ್ನು 'ಸಬ್‌ವಾಲ್‌ಐಡಿ 5' (ಎಲ್ಲಕ್ಕೂ ಮೇಲಿನ ಹಂತ) ಕೊಟ್ಟು ಮೌಂಟ್ ಮಾಡಿ, ಸಿಡ್ ಕೂತಿರುವ 'ಆಟ್ ರೂಟ್‌ಎಫ್‌ಎಸ್' ಸಬ್‌ವಾಲ್ಯೂಮಿನ ಹೆಸರು ಬದಲಿಸಿ ಪಕ್ಕಕ್ಕಿಡಿ. ಹಳೇ ಸ್ನ್ಯಾಪ್‌ಶಾಟಿನಿಂದ ಬರೆಯಬಲ್ಲ ಹೊಸ ಪ್ರತಿ ಮಾಡಿ ಅದೇ ಹೆಸರು ಕೊಟ್ಟರೆ ಸಿಸ್ಟಮ್ ಹಿಂದಿನ ಸ್ಥಿತಿಗೆ ಬರುತ್ತದೆ. ಪಕ್ಕಕ್ಕಿಟ್ಟದ್ದನ್ನು ಅಳಿಸಬೇಡಿ: ಕೆಟ್ಟ ದಿನದ ಲಾಗ್‌ಗಳೆಲ್ಲ ಅದರೊಳಗಿವೆ.

ಅಲ್ಲಿ ಮೊದಲು ಆಪ್ಟ್‌ನ ಹಿಸ್ಟರಿ ಲಾಗ್ ತೆರೆದು ಯಾವ ಪ್ಯಾಕೇಜು ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಯಿತು ನೋಡಿ. ಸಿಸ್ಟಮ್ ಇನ್ನೂ ಏಳುತ್ತಿದ್ದರೆ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ದೋಷಗಳನ್ನಷ್ಟೇ ಕೇಳಿ. ಅನುಮಾನ ಬಂದ ಪ್ಯಾಕೇಜಿನ ಹಳೇ ಆವೃತ್ತಿ ಡೆಬಿಯನ್‌ನ ಸ್ನ್ಯಾಪ್‌ಶಾಟ್ ತಾಣದಲ್ಲಿ ಸಿಗುತ್ತೆ. ಅದನ್ನು ಹಾಕಿ 'ಆಪ್ಟ್-ಮಾರ್ಕ್ ಹೋಲ್ಡ್' ಮಾಡಿ (ಆಗ ಅದು ಅಪ್‌ಗ್ರೇಡ್ ಆಗುವುದಿಲ್ಲ), ತೊಂದರೆ ಹೋಯಿತೇ ನೋಡಿ. ಹತ್ತು ಪ್ಯಾಕೇಜಿನ ಮೇಲೆ ಅನುಮಾನವಿದ್ದರೆ ಅರ್ಧರ್ಧ ಹಿಂದಕ್ಕೆ ಹಾಕುತ್ತ ಬನ್ನಿ, ಮೂರು ನಾಲ್ಕು ಸುತ್ತಿಗೆ ಸಿಕ್ಕಿಬೀಳುತ್ತದೆ.

ಸಣ್ಣ ವ್ಯತ್ಯಾಸದ ಬೆನ್ನು ಹತ್ತುವುದಕ್ಕೆ ಎಂಥ ಬೆಲೆ ಇದೆ ಅನ್ನುವುದಕ್ಕೆ 2024ರ ಮಾರ್ಚ್ ನೋಡಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಸಿಡ್ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಒಳಹೋಗುವ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಕೆದಕಿದಾಗ, ಫೈಲು ಕುಗ್ಗಿಸುವ ಸಾಧನ ಎಕ್ಸ್‌ಜೆಡ್‌ನ 5.6.0 ಮತ್ತು 5.6.1ರಲ್ಲಿ ಯಾರೋ ಹುದುಗಿಸಿದ್ದ ಹಿಂಬಾಗಿಲು ಸಿಕ್ಕಿತು. ಅದು ಸ್ಟೇಬಲ್‌ಗೆ ತಲುಪಿರಲಿಲ್ಲ, ಸಿಡ್‌ನಲ್ಲಿತ್ತು. ನೀವು ತೆರುವ ಬೆಲೆಯೂ ಇದರಲ್ಲೇ ಕಾಣುತ್ತೆ: ವಿಷವೂ ಮೊದಲು ಇಳಿಯುವುದು ಇಲ್ಲಿಗೇ. ಬ್ಯಾಂಕ್ ಕೆಲಸ ಉಬುಂಟುವಿನಲ್ಲಿ ಇಟ್ಟುಕೊಳ್ಳಿ. ಎಕ್ಸ್‌ಜೆಡ್ ಅನ್ನು ಹಳೆಯದಕ್ಕೆ ಹಿಂದಿರುಗಿಸಿದಾಗ ಡೆಬಿಯನ್ ಕೊಟ್ಟ ಆವೃತ್ತಿ ಸಂಖ್ಯೆ '5.6.1+ರಿಯಲಿ5.4.5'. ಆಪ್ಟ್ ತಾನಾಗಿ ದೊಡ್ಡ ಸಂಖ್ಯೆಯ ಕಡೆಗೇ ಹೋಗುವುದರಿಂದ ಈ ಉಪಾಯ.

ಕನ್ನಡದವರಿಗೆ ಮಾತ್ರ ಕಾಣುವ ದೋಷಗಳೂ ಇವೆ. ಕನ್ನಡ ಫಾಂಟಿನ ಪ್ಯಾಕೇಜು ಫಾಂಟ್ಸ್-ಗುಬ್ಬಿ (ಹೌದು, ತುಮಕೂರಿನವರಿಗೆ ಹೆಸರು ನೋಡಿ ಖುಷಿಯಾಗುತ್ತೆ), ಕನ್ನಡ ಟೈಪಿಸಲು ಐಬಸ್-ಎಂ17ಎನ್ ಹಾಕಿಕೊಂಡಿರಿ. ಅಕ್ಷರ ಜೋಡಿಸಿ ತೋರಿಸುವ ಹಾರ್ಫ್‌ಬಜ್ ಅಥವಾ ಲಿಬ್ರೆಆಫೀಸ್ ಹೊಸದು ಬಂದಾಗ 'ಸೂರ್ಯ', 'ರ‍್ಯಾಂಕ್', 'ಲಕ್ಷ್ಮೀ' ಟೈಪಿಸಿ ಅರ್ಕಾವತ್ತು, ಒತ್ತಕ್ಷರ ಸರಿ ಕೂತಿವೆಯೇ ನೋಡಿ. ತಪ್ಪಿದ್ದರೆ ರಿಪೋರ್ಟ್‌ಬಗ್ ತೆರೆದು ಪದ, ಫಾಂಟ್, ಪ್ಯಾಕೇಜ್ ಆವೃತ್ತಿ, ಕಾಣಬೇಕಾದ್ದರ ಮತ್ತು ಕಂಡದ್ದರ ಚಿತ್ರ ಕಳಿಸಿ. ಕನ್ನಡ ಓದಲು ಬಾರದ ಪ್ಯಾಕೇಜ್ ನಿರ್ವಾಹಕರಿಗೆ ಆ ಎರಡು ಚಿತ್ರಗಳೇ ಆಧಾರ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಅಪ್‌ಗ್ರೇಡ್ ನಿಲ್ಲಿಸಿ. ಆದರೆ ತಿಂಗಳುಗಟ್ಟಲೆ ಬಿಡಬೇಡಿ. ಸಿಡ್‌ನಲ್ಲಿ ಭದ್ರತಾ ತೇಪೆಗಳೂ ಮಾಮೂಲಿ ಅಪ್‌ಗ್ರೇಡಿನೊಳಗೇ ಬರುತ್ತವೆ.